ಒಂದೇ ಬ್ಯಾರಲಿನಲ್ಲಿ ಇಬ್ಬರ ಜಳಕ

ಬೈಲಹೊಂಗಲಕ್ಕೆ ಬಂದ ಮರುದಿನ ಬೆಳಿಗ್ಗೆ ನಾನು ಮಗಳನ್ನು ಮೀಯಿಸಲು ಕುಳಿತರೆ ನೋಡುವುದಕ್ಕೆ ಜನ ಸೇರಿಬಿಟ್ಟರು. ಒಬ್ಬಾಕೆಯ ಸೊಂಟದ ಮೇಲೆ ಕೊಡ ಹಾಗೇ ಇತ್ತು. ಇನ್ನೊಬ್ಬಾಕೆಯ ಕೈಗೆ ರೊಟ್ಟಿ ಹಿಟ್ಟು ಮೆತ್ತಿಕೊಂಡಿತ್ತು. ಐದು ತಿಂಗಳ ಮಾಲಿನಿ ಅಡಿಕೆ ಹಾಳೆಯಲ್ಲಿ ಅಂಗಾತ ಮಲಗಿ ಕಾಲು ಬಡಿಯುತ್ತಿದ್ದಳು.

"ಇದೇನ್ರಿ ಅಕ್ಕಾರ, ಕೂಸಿನ್ನ ಎಲಿಯಾಗ ಹಾಕೀರಿ?"

"ಬುತ್ತಿ ಕಟ್ಟಿದಂಗ ಐತಲ್ರಿ!" ಎಂದು ಮತ್ತೊಬ್ಬಳು ಹೇಳಿದ್ದೇ ತಡ, ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಮ್ಮ ಕುಂದಾಪುರದ ಕಡೆಯವರಿಗೆ ಹಾಳೆಯ ವಿಷಯ ಹೇಳಬೇಕಾಗಿಲ್ಲ. ಮರದಿಂದ ತಾನಾಗಿ ಉದುರಿದ, ದೋಣಿಯಂತೆ ಬಾಗಿದ ಆ ಹಾಳೆಗಿಂತ ಮೆತ್ತಗಿನ ತೊಟ್ಟಿ ಎಳೆಯ ಮಗುವಿಗೆ ಬೇರೆ ಉಂಟೇ? ಆದರೆ ಇಲ್ಲಿಯವರು ಅಡಿಕೆಯನ್ನು ಕಂಡಿದ್ದು ಅಂಗಡಿಯ ಡಬ್ಬಿಯಲ್ಲಿ, ತುಂಡು ತುಂಡಾಗಿ. ಅದಕ್ಕೊಂದು ಮರ, ಆ ಮರಕ್ಕೊಂದು ಹಾಳೆ ಎಂದರೆ ಅವರಿಗೆ ಕಥೆ ಹೇಳಿದಂತಾಗಿತ್ತು. ಬಸ್ಸಿನಲ್ಲಿ ಹಾಸಿಗೆಯ ಸುರುಳಿಯೊಳಗೆ ಎರಡು ಹಾಳೆಗಳನ್ನು ಜೋಪಾನವಾಗಿ ತಂದಿದ್ದೆ. ಅವು ಮುಗಿದರೆ ಮೂರನೆಯದು ಎಲ್ಲಿಂದ ಎಂದು ಆಗ ಯೋಚಿಸಿರಲಿಲ್ಲ.

ನಮ್ಮ ಮನೆಯವರ ತಂದೆ, ಅಜ್ಜ ಎಲ್ಲರೂ ದೇವಸ್ಥಾನದ ಪೂಜೆಯಲ್ಲಿದ್ದವರು. ಇವರಿಗೆ ಮಾತ್ರ ಎಂಜಿನ್ನಿನ ಹುಚ್ಚು. ಆ ಹುಚ್ಚೇ ಇವರನ್ನು ಬೈಲಹೊಂಗಲದ ಹತ್ತಿ ಗಿರಣಿಗೆ ಫಿಟ್ಟರ್ ಆಗಿ ಕರೆತಂದಿತ್ತು. ಗಿರಣಿಯವರೇ ಕೊಟ್ಟ ಮನೆ. ಮನೆ ಎಂದರೆ ಸಾಲಾಗಿ ಕಟ್ಟಿದ ಖೋಲಿಗಳಲ್ಲಿ ಎರಡು. ಇಂಥ ಸಾಲಿಗೆ ಇಲ್ಲಿ ಚಾಳು ಎನ್ನುತ್ತಾರೆ. ಮುಂದೆ ಅಂಗಳ, ಅಂಗಳದ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಊರಿನಲ್ಲಿ ಕೈಚಾಚಿದರೆ ಬಾವಿ ನೀರು ಸಿಗುತ್ತಿತ್ತು. ಇಲ್ಲಿ ನಲ್ಲಿಯಲ್ಲಿ ನೀರು ಬಂದಾಗಲೇ ಬೆಳಗು. ಆ ನೀರೂ ಎಂಥದ್ದು! ಸಾಬೂನು ಎಷ್ಟು ಉಜ್ಜಿದರೂ ನೊರೆ ಏಳದು, ಹಂಡೆಯ ಒಳಮೈಗೆ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತದೆ. ಗಿರಣಿಯ ಹಂಗಾಮು ಶುರುವಾದ ಮೇಲಂತೂ ಗಾಳಿಯಲ್ಲಿ ಹತ್ತಿಯ ಎಳೆಗಳು ತೇಲಿಬಂದು ಅನ್ನದ ಮೇಲೆ, ತಲೆಯ ಮೇಲೆ, ಮಿಂದ ಮಗುವಿನ ಒದ್ದೆ ಮೈಮೇಲೆ ಕೂರುತ್ತಿದ್ದವು. ಒರೆಸುವಷ್ಟರಲ್ಲಿ ಮಾಲಿನಿಗೆ ಬಿಳಿ ಮೀಸೆ ಬಂದಿರುತ್ತಿತ್ತು.

ಒಂದೇ ರಾಜ್ಯ, ಎರಡೂ ಕಡೆ ಕನ್ನಡ. ಆದರೂ ಮೊದಲ ದಿನಗಳಲ್ಲಿ ನಾನು ಮೂಕಿಯಂತಿದ್ದೆ. "ಕೂಸಿಗೆ ಎರದ್ರೇನ್ರಿ?" ಎಂದು ದಿನವೂ ಕೇಳುತ್ತಿದ್ದರು. ನಮ್ಮಲ್ಲಿ ಎರೆಯುವುದು ದೋಸೆಯನ್ನು! ಮಗುವಿಗೆ ನೀರು ಹಾಕುವುದನ್ನು ಇಲ್ಲಿ ಎರೆಯುವುದು ಎನ್ನುತ್ತಾರೆ, ದೊಡ್ಡವರು ಮಾಡುವುದು ಜಳಕ ಎಂದು ತಿಳಿಯುವವರೆಗೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ಜೋಳದ ರೊಟ್ಟಿ ಬಡಿಯಲು ಹೋದರೆ ಅದು ಕಾವಲಿಗೆ ಬೀಳುವ ಮೊದಲೇ ಹರಿಯುತ್ತಿತ್ತು. ಇವರು ಗಿರಣಿಗೆ ಹೋದ ಮೇಲೆ ಬಾಗಿಲಲ್ಲಿ ಕುಳಿತು ಮಗಳೊಡನೆ ಊರ ಮಾತು ಆಡುತ್ತಿದ್ದೆ. ಅವಳಿಗೆ ಅರ್ಥವಾಗದಿದ್ದರೂ ನನಗೆ ಆಡಲು ಒಬ್ಬರು ಬೇಕಿತ್ತು.

ಮಕ್ಕಳು ಬೆಳೆಯುವುದು ತಾಯಂದಿರಿಗೆ ಸಂತೋಷವೇ. ಆದರೆ ಮಾಲಿನಿಯ ಪಾದಗಳು ಹಾಳೆಯಿಂದ ಹೊರಗೆ ಚಾಚಿದ ದಿನ ನನಗೆ ಕಸಿವಿಸಿಯಾಯಿತು. ಮೊದಲ ಹಾಳೆ ಬಿಸಿಲಿಗೆ ಸೀಳಿಹೋಗಿತ್ತು. ಎರಡನೆಯದರಲ್ಲಿ ಅವಳು ಮಗುಚಿ ಎದ್ದು ಕೂರಲು ಹೋದಾಗ ನಟ್ಟನಡುವೆ ಬಿರಿಯಿತು. ಚಾಳಿನವರು ಮಾಡುವಂತೆ ಕಾಲು ನೀಡಿ ಕುಳಿತು ಕಾಲ ಮೇಲೆ ಮಲಗಿಸಿ ನೋಡಿದೆ. ಎದ್ದು ಕೂರುವುದನ್ನು ಕಲಿತ ಮಗು ಮತ್ತೆ ಮಲಗುತ್ತದೆಯೇ? ಕೊನೆಗೆ ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ನೀರು ಸುರಿದೆ. ಎಣ್ಣೆ ಹಚ್ಚಿದ ಮೈ ಮೀನಿನಂತೆ ನುಣುಚಿತು. ಕಲ್ಲಿನ ತಗ್ಗಿನಲ್ಲಿ ನಿಂತಿದ್ದ ನೀರಿಗೆ ಮುಖ ಅಡಿಯಾಗಿ ಬಿದ್ದಳು. ಎತ್ತಿಕೊಂಡರೆ ಅಳುವೇ ಇಲ್ಲ. ಬಾಯಿ ತೆರೆದಿದೆ, ಉಸಿರಿಲ್ಲ.

ನಾನು ಕೂಗಿದ್ದು ಕೇಳಿ ಪಕ್ಕದ ಖೋಲಿಯ ಶಾಂತಕ್ಕ ಓಡಿಬಂದು ಮಗುವನ್ನು ಕಸಿದುಕೊಂಡು ಬೋರಲು ಹಿಡಿದು ಬೆನ್ನು ತಟ್ಟಿದಳು. ನೀರು ಹೊರಬಿತ್ತು, ಹಿಂದೆಯೇ ಅಳು ಬಂತು. "ಅಳ್ಲಿ ಬಿಡ್ರಿ, ಅತ್ತಷ್ಟೂ ಛಲೋ" ಎಂದಳು. ಸೆರಗಿನಿಂದ ಮಗುವಿನ ಮೂಗು, ಬಾಯಿ ಒರೆಸಿ ನನ್ನ ಮಡಿಲಿಗೆ ಹಾಕಿದಳು.

ಅಂದಿನಿಂದ ಮಾಲಿನಿ ನೀರು ಕಂಡರೆ ಚೀರತೊಡಗಿದಳು. ಚೆಂಬಿನ ಸದ್ದಾದರೆ ಸಾಕು, ನನ್ನ ಕುತ್ತಿಗೆಗೆ ಜೋತುಬೀಳುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಒರೆಸಿ ಕಾಲ ತಳ್ಳಿದೆ. ಅಷ್ಟರಲ್ಲಿ ಇಲ್ಲಿಯ ಬೇಸಿಗೆ ಬಂತು. ಕರಿಮಣ್ಣಿನ ನೆಲ ಬಾಯಿಬಿಟ್ಟಿತು. ಮಗುವಿನ ಕುತ್ತಿಗೆ, ಬೆನ್ನು ಬೆವರುಸಾಲೆಯಿಂದ ಕೆಂಪಾಗಿ, ಅವಳು ತೂಕಡಿಸಿದಾಗಲೂ ಕೆರೆದುಕೊಳ್ಳುತ್ತಿದ್ದಳು. ಡಾಕ್ಟರು ದಿನಾ ನೀರು ಹಾಕಿ ಎಂದರು. ಹಾಕುವುದು ಹೇಗೆ?

"ನೀನು ಮಗುವನ್ನು ಕರೆದುಕೊಂಡು ಊರಿಗೆ ಹೋಗಿಬಿಡು. ಅವಳು ಸ್ವಲ್ಪ ದೊಡ್ಡವಳಾಗಲಿ" ಎಂದರು ಇವರು ಒಂದು ಸಂಜೆ. ಅಮ್ಮನಿಗೆ ಬರೆಯುತ್ತೇನೆ, ಧಾರವಾಡಕ್ಕೆ ಬರುವವರು ಯಾರಾದರೂ ಇದ್ದರೆ ಅವರ ಜತೆ ಬಂದು ಕರೆದೊಯ್ಯಲಿ ಎಂದರು. ಹೂಂ ಎಂದೆ. ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ ಅದನ್ನು ಮುಚ್ಚಿಡಲು ಎದ್ದು ಒಲೆಯ ಹತ್ತಿರ ಹೋದೆ.

ಅತ್ತೆ ಬರುವವರೆಗಾದರೂ ಆಗಲಿ ಎಂದು ಇವರು ಗಿರಣಿಯಲ್ಲಿ ಬಿಸಾಕಿದ್ದ ಬ್ಯಾರಲೊಂದನ್ನು ತಂದರು. ಶಾಂತಕ್ಕನ ಗಂಡ ಪರಸಪ್ಪ ಗಿರಣಿಯ ಲಾರಿ ಓಡಿಸುವವನು. ಸವದತ್ತಿ, ರಾಮದುರ್ಗದ ಹಳ್ಳಿಗಳಿಂದ ಹತ್ತಿ ತರುತ್ತಿದ್ದ. ಅವನೂ ಕೈಹಾಕಿದ. ಇಬ್ಬರೂ ಸೇರಿ ಬ್ಯಾರಲನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಅಂಚನ್ನು ಹೊರಕ್ಕೆ ಬಗ್ಗಿಸಿ ಸುತ್ತಿಗೆಯಿಂದ ಬಡಿದು ನುಣುಪು ಮಾಡಿದರು. ಬೂದಿ ಹಾಕಿ ತಿಕ್ಕಿದೆವು. "ಹಡಗ ಆತಲ್ರಿ! ನಿಮ್ಮೂರ ಸಮುದ್ರಕ್ಕ ಬಿಡೂಣು" ಎಂದು ಪರಸಪ್ಪ ನಕ್ಕ. ಮಾಲಿನಿ ಮಾತ್ರ ಆ ಹಡಗನ್ನು ನೋಡಿಯೇ ಚೀರಿದಳು.

ಮರುದಿನ ಶಾಂತಕ್ಕ ತನ್ನ ಮಗ ಗೌತಮನನ್ನು ಎತ್ತಿಕೊಂಡು ಬಂದಳು. ಮಾಲಿನಿಗಿಂತ ತುಸು ದೊಡ್ಡವನು. ಬ್ಯಾರಲನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ನಮ್ಮ ಹುಡುಗಂದೂ ಜಳಕ ಆಗಬೇಕ್ರಿ. ಅವನ್ನ ಮೊದಲ ಕುಂದ್ರಸೂಣ? ಇವ ಆಡೋದು ನೋಡಿದ್ರ ಆಕಿಗೂ ಹುರುಪ ಬರಬಹುದು" ಎಂದಳು. ಆಮೇಲೆ ದನಿ ತಗ್ಗಿಸಿ, "ನಾವು ಬೌದ್ಧರು. ನಿಮಗ ಗೊತ್ತೈತಿ. ನಿಮ್ಮದೇನೂ ಅಭ್ಯಂತರ ಇಲ್ಲಲ್ರಿ?"

ಅವಳ ಮನೆಯ ಗೋಡೆಯ ಮೇಲಿನ ಬುದ್ಧನ ಪಟವನ್ನು ದಿನವೂ ನೋಡುತ್ತಿದ್ದೆ. ಅವಳ ತವರು ಮುರಗೋಡದಲ್ಲಿ ಹಿಂದೆ ಯಾವ ಬಾವಿಯಿಂದ ಅವರು ನೀರು ಸೇದುವಂತಿರಲಿಲ್ಲ ಎಂಬುದನ್ನೂ ಹೇಳಿದ್ದಳು. ನನ್ನ ಮಗಳಿಗೆ ಉಸಿರು ಮರಳಿಸಿದ ಕೈ ಅದು. "ಕೂರಿಸು ಶಾಂತಕ್ಕ" ಎಂದೆ.

ಗೌತಮ ನೀರಿಗಿಳಿದವನೇ ಎರಡೂ ಕೈಯಿಂದ ಪಟಪಟನೆ ಬಡಿದ. ನೀರು ಅವನ ಮುಖಕ್ಕೇ ಹಾರಿತು, ಕೇಕೆ ಹಾಕಿದ. ನನ್ನ ಹೆಗಲಲ್ಲಿ ಮುಖ ಹುದುಗಿಸಿದ್ದ ಮಾಲಿನಿ ಒಂದು ಕಣ್ಣು ತಿರುಗಿಸಿದಳು. ಮತ್ತೆ ಹುದುಗಿಸಿದಳು. ಅಂದು ಅಷ್ಟೇ. ಮಾರನೆಯ ದಿನ ಅಂಚು ಹಿಡಿದು ನಿಂತು ನೋಡಿದಳು. ಅದರ ಮರುದಿನ ಅವನ ಒದ್ದೆ ತಲೆಯನ್ನು ಮುಟ್ಟಿದಳು. ಕೊನೆಗೊಂದು ಬೆಳಿಗ್ಗೆ ನನ್ನ ಕೈಯಿಂದ ತಾನೇ ಒಳಕ್ಕೆ ವಾಲಿದಳು. ನಾನು ಉಸಿರು ಹಿಡಿದು ಇಳಿಸಿದೆ. ಅವಳ ತುಟಿ ನಡುಗಿತು, ಇನ್ನೇನು ಅಳುತ್ತಾಳೆ ಎನ್ನುವಾಗ ಗೌತಮ ಅವಳ ಹೊಟ್ಟೆಗೆ ನೀರು ಚಿಮ್ಮಿಸಿದ. ಅವಳು ಬೆರಗಾಗಿ ಅವನನ್ನು ನೋಡಿದಳು. ಆಮೇಲೆ ತಾನೂ ಬಡಿದಳು.

"ಬಡಿ ನನ್ನ ಬಂಗಾರ, ಬಡಿ!" ಎಂದು ಶಾಂತಕ್ಕ ಕುಣಿದಾಡಿದಳು. ಚಾಳಿನವರೆಲ್ಲ ಮತ್ತೆ ಬಂದು ಸುತ್ತ ನಿಂತರು. ಬೆವರುಸಾಲೆ ವಾರದೊಳಗೆ ಇಳಿಯಿತು.

ಅತ್ತೆ ಬಂದದ್ದು ಆಗ. ಮಕ್ಕಳಿಬ್ಬರೂ ನೀರಿನಲ್ಲಿದ್ದರು. ಹೊಸಿಲಲ್ಲಿ ಚೀಲ ಇಟ್ಟು ನೋಡುತ್ತ ನಿಂತರು. ಅವರು ಕಟ್ಟುನಿಟ್ಟಿನ ಮಡಿಯವರು. ಗೌತಮ ಯಾರ ಮಗ ಎಂದು ಕೇಳಿದರು, ಹೇಳಿದೆ. ಮುಖ ಬಿಗಿಯಿತು. ಆದರೆ ಎಷ್ಟೋ ಮಕ್ಕಳನ್ನು ಮೀಯಿಸಿದ ಕೈ ಅದು. ನಾನು ತಲೆಗೆ ನೀರು ಹಾಕುವ ರೀತಿ ನೋಡಲಾರದೆ, "ಮಗಿನ ಕಿವಿಗೆ ನೀರ್ ಹೋತ್ತ್ ಕಾಣ್! ತಾ ಇಲ್ಲಿ" ಎಂದು ಚೆಂಬು ಕಸಿದುಕೊಂಡರು. ಮಾಲಿನಿಗೆ ಹಾಕಿದರು. ಪಕ್ಕದಲ್ಲಿ ಗೌತಮ ತಲೆ ಒಡ್ಡಿ ಕಾಯುತ್ತಿದ್ದ. ಒಂದು ಕ್ಷಣ ಕೈ ತಡೆಯಿತು. ಅವನಿಗೂ ಹಾಕಿದರು, ಕಿವಿಯ ಹಿಂದೆ ಉಜ್ಜಿ, ಹಣೆಗೆ ಕೈ ಅಡ್ಡ ಹಿಡಿದು, ಒಂದು ಹನಿಯೂ ಕಣ್ಣಿಗೆ ಬೀಳದಂತೆ.

ಆಮೇಲೆ ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಬಾಗಿಲಲ್ಲಿದ್ದ ಶಾಂತಕ್ಕ ಆ ಸದ್ದು ಕೇಳಿದಳು. ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು.

ಮರುದಿನ ಗೌತಮ ಬರಲಿಲ್ಲ. ಮಾಲಿನಿ ಬ್ಯಾರಲಿನ ಅಂಚು ಹಿಡಿದು ಅವರ ಬಾಗಿಲ ಕಡೆಗೇ ನೋಡಿದಳು. ನೀರಿಗಿಳಿಸಿದರೆ ಹಳೆಯ ಚೀರಾಟ. ಅದರ ಮರುದಿನವೂ ಅದೇ. ನಾನು ಶಾಂತಕ್ಕನ ಬಾಗಿಲಿಗೆ ಹೋಗಿ ಏನೇನೋ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ, "ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅಕ್ಕಾರ" ಎಂದಳೇ ಹೊರತು ತಲೆ ಎತ್ತಲಿಲ್ಲ.

ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಮೂರನೆಯ ಬೆಳಿಗ್ಗೆ ಮಗು ಅತ್ತು ಅತ್ತು ಬಿಕ್ಕಳಿಸುವಾಗ, "ಆ ಮಾಣಿ ಇವತ್ತೂ ಬರ್ಲಿಲ್ಯಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. "ಇರ್ಲಿ, ನಾನೇ ಹೋಯಿ ಕರೀತೆ" ಎಂದು ಎದ್ದರು. ನಾನು ಮಗುವನ್ನೆತ್ತಿಕೊಂಡು ಹಿಂದೆ ಹೋದೆ.

ಅತ್ತೆ ಶಾಂತಕ್ಕನ ಹೊಸಿಲು ದಾಟಲಿಲ್ಲ. ಹೊರಗೇ ನಿಂತು, "ಮಗಿ ಹಟ ಮಾಡ್ತಿತ್ತ್. ನಿಮ್ಮ ಮಾಣಿನ ಕಳ್ಸಿ" ಎಂದರು. ಶಾಂತಕ್ಕ ಅರ್ಥವಾಗದೆ ನನ್ನ ಮುಖ ನೋಡಿದಳು. ಮಾಣಿ ಅಂದರೆ ಹುಡುಗ ಎಂದೆ.

ಅವಳು ಕೈ ತೊಳೆದುಕೊಂಡು ಬಾಗಿಲಿಗೆ ಬಂದಳು. "ಕಳಸತೇನ್ರಿ ಅಮ್ಮಾರ. ಆದ್ರ ಅವನ್ನ ಮುಟ್ಟಿ, ಆಮ್ಯಾಲೆ ನೀವು ತಲಿ ಮ್ಯಾಲೆ ನೀರ ಸುರಕೊಳ್ಳೋದಾದ್ರ ಬ್ಯಾಡ್ರಿ. ಅವ ಸಣ್ಣಾವ, ಅವಗ ತಿಳಿಯಂಗಿಲ್ಲ. ನನಗ ತಿಳೀತೈತಿ."

ಅತ್ತೆಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಗೌತಮ ತೆವಳಿಕೊಂಡು ಬಂದು ಹೊಸಿಲಾಚೆಗೆ ಕೈಚಾಚಿ ಮಾಲಿನಿಯ ಇಳಿಬಿದ್ದ ಪಾದ ಹಿಡಿಯಲು ನೋಡಿದ. ಅತ್ತೆ ಬಗ್ಗಿ ಅವನನ್ನು ಎತ್ತಿಕೊಂಡರು. "ಬಿಸಿನೀರ್ ಆರ್ತಿತ್ತ್" ಎಂದಷ್ಟೇ ಹೇಳಿ ನಮ್ಮ ಮನೆ ಕಡೆ ನಡೆದರು.

ಆ ದಿನ ಅವರು ಮತ್ತೆ ಮೀಯಲಿಲ್ಲ. ಮಕ್ಕಳ ನೀರಾಟಕ್ಕೆ ಒದ್ದೆಯಾದ ಸೀರೆ ಬಿಸಿಲಿಗೆ ತಾನೇ ಆರಲೆಂದು ಅಂಗಳದಲ್ಲಿ ಕುಳಿತರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಹೊತ್ತು ಇಳಿದ ಮೇಲೆ ಎದ್ದುಬಂದು ಎಲೆಯ ಮುಂದೆ ಕುಳಿತು, ಮೊದಲ ತುತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಇದ್ದರು. ಆಮೇಲೆ ಉಂಡರು. ಮರುದಿನ ಅಷ್ಟು ತಡವಾಗಲಿಲ್ಲ. ಶಾಂತಕ್ಕನ ಮನೆಯೊಳಗೆ ಅವರು ಹೋಗಲೇ ಇಲ್ಲ, ಅವಳು ಕೊಟ್ಟ ಚಹಾ ಕುಡಿಯಲೂ ಇಲ್ಲ. ಆದರೆ ಇದ್ದಷ್ಟು ದಿನವೂ ಎರಡು ಮಕ್ಕಳಿಗೂ ಅವರೇ ನೀರು ಹಾಕಿದರು. ಗೌತಮನ ಕಿವಿ ನೋಡಿ ಶಾಂತಕ್ಕ, "ಅಮ್ಮಾರ ಕೈ ಅಂದ್ರ ಕೈ" ಎಂದು ಒಪ್ಪಿಕೊಂಡಳು.

ಹೊರಡುವ ಮುನ್ನಾದಿನ ನಾನು ಬಟ್ಟೆ ಗಂಟು ಕಟ್ಟುತ್ತಿದ್ದೆ. ಅತ್ತೆ ನೋಡಿ, "ಮಗಿಗೆ ಇಲ್ಲಿ ಹಿಡ್ಸಿತ್ತಲ್ಲೆ. ಅಲ್ಲಿಗೆ ಹೋಯಿ ಮತ್ತೆ ಹೊಸತಾಯಿ ಎಂತಕೆ ಅಳ್ಸೂದ್? ಇಲ್ಲೇ ಇರ್ಲಿ" ಎಂದರು. ಗಂಟು ಬಿಚ್ಚಿದೆ. ಎಷ್ಟೋ ದಿನ ಕಾದಿದ್ದ ಪ್ರಯಾಣ ತಪ್ಪಿತೆಂದು ಕಣ್ಣು ತುಂಬಿತು. ಅದರ ನಡುವೆಯೇ, ನಾಳೆ ಶಾಂತಕ್ಕನಿಗೆ ಹೇಳಬೇಕು ಎಂಬ ಅವಸರವೂ ಹುಟ್ಟಿತು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆವು. ಮಾಲಿನಿಗೆ ಆಗ ಮೂರು ತುಂಬಿತ್ತು. ಗೌತಮ ತನ್ನ ತಾಯಿಯನ್ನು ಕರೆಯುವಂತೆ ಅವಳೂ ನನ್ನನ್ನು ಅವ್ವ ಎನ್ನುತ್ತಾಳೆ. ಒಂದು ಸಂಜೆ ಕಡಲಿಂದ ಬಂದವಳಿಗೆ ಅತ್ತೆ ಬಾವಿಕಟ್ಟೆಯಲ್ಲಿ ಕೊಡಗಟ್ಟಲೆ ನೀರು ಸುರಿದರು. ಕುಣಿದು ಕುಣಿದು ದಣಿದಳು. ಸೆರಗಿನಿಂದ ತಲೆ ಒರೆಸುವಾಗ ನನ್ನ ಕೊರಳು ತಬ್ಬಿ ಕೇಳಿದಳು:

"ಅವ್ವಾ, ನಿಮ್ಮೂರು ಭಾಳ ಛಲೋ ಐತಿ. ನಮ್ಮೂರಿಗಿ ಯಾವಾಗ ಹೋಗೂಣು?"

ಹಗ್ಗ ಸುತ್ತುತ್ತಿದ್ದ ಅತ್ತೆಯ ಕೈ ನಿಂತಿತು.

"ನಾಡಿದ್ದು ಹೋಗೂಣು" ಎಂದುಬಿಟ್ಟೆ. ನಾನು ಹುಟ್ಟಿ ಬೆಳೆದ ಮಾತಿನಲ್ಲಿ ಹೇಳಬಹುದಿತ್ತು. ನಾಲಗೆಗೆ ಬಂದದ್ದು ಬೈಲಹೊಂಗಲದ ಮಾತು. ಅತ್ತೆ ನನ್ನನ್ನೂ ಮಗುವನ್ನೂ ನೋಡಿದರು. ಮತ್ತೊಂದು ಕೊಡ ಸೇದಿ, ಅವಳ ಕಾಲ ಬೆರಳ ಸಂದಿಗಳಲ್ಲಿ ಉಳಿದಿದ್ದ ಮರಳನ್ನು ನಿಧಾನವಾಗಿ ತೊಳೆದರು.