ಗುಡುಗು ನನ್ನನ್ನು ದಾಟಿದ ಸೆಕೆಂಡು

ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವವನು. ತೊಂದರೆಯೆಂದರೆ, ನಂಬಬೇಕಾದದ್ದು ನಡೆಯುವ ಹೊತ್ತಿಗೆ ನಾನು ಕಣ್ಣು ಮುಚ್ಚಿರುತ್ತೇನೆ.

ಹಿರೇಕೆರೂರಿನ ಹೋರಿ ಬೆದರಿಸುವ ಸ್ಪರ್ಧೆಯಲ್ಲೂ ಹಾಗೇ ಆಯಿತು. ಹಾನಗಲ್ಲಿನಲ್ಲಿ ಮದುವೆ ವಿಡಿಯೊ ಮಾಡಿಕೊಂಡಿರುವ ನಾನು ಕ್ಯಾಮೆರಾ ಹಿಡಿದು ಹೋರಿ ಓಡುವ ದಾರಿಯ ಅಂಚಿನಲ್ಲಿದ್ದೆ. ಅಬಲೂರಿನ ಗಂಗವ್ವನ ಹೋರಿ 'ಗುಡುಗು' ಕೊರಳಲ್ಲಿ ಕೊಬ್ಬರಿ ಮಾಲೆ ಹೊತ್ತು ಬಂತು. ಮಾಲೆ ಹರಿಯಲು ಮುನ್ನುಗ್ಗಿದವರನ್ನೆಲ್ಲ ತಪ್ಪಿಸಿ ನೇರ ನನ್ನ ಕಡೆಗೇ ಬಂತು. ಮುಂದೆ ನನಗೆ ನೆನಪಿರುವುದು ಆಕಾಶ. ನನ್ನ ಕ್ಯಾಮೆರಾದಲ್ಲಿರುವುದೂ ಆಕಾಶವೇ. ಅಷ್ಟರಮಟ್ಟಿಗೆ ನಮ್ಮಿಬ್ಬರ ಸಾಕ್ಷ್ಯ ಒಂದೇ.

"ಹೋರಿ ತಿವಿದೈತಿ!" ಎಂದರು ಜನ. ಮೊಣಕೈ ತರಚಿತ್ತು, ಇರಬಹುದು ಅಂದುಕೊಂಡೆ. ಊರಿನಲ್ಲಿ ಹೋದಲ್ಲೆಲ್ಲ ಚಹಾ ಪುಕ್ಕಟೆಯಾಯಿತು. ಆದರೆ ಸ್ಪರ್ಧೆಯ ಹಿರಿಯರು ಗಂಗವ್ವನಿಗೆ ಹೇಳಿಬಿಟ್ಟರು: ಮನುಷ್ಯನನ್ನು ತಿವಿಯುವ ಹೋರಿಯನ್ನು ಇನ್ನು ಓಡಲು ಬಿಡುವುದಿಲ್ಲ.

ಅವಳು ನನ್ನ ಅಂಗಡಿಗೇ ಬಂದಳು. "ಕರಾ ಇದ್ದಾಗಿಂದ ನನ್ನ ಕೈಯಾಗ ತಿಂದು ಬೆಳದೈತ್ರಿ. ತಿವಿಯೋದಲ್ಲ ಅದು. ತಿವಿದಿದ್ರ ತಿವಿದೈತಿ ಅನ್ರಿ, ಒಪ್ಕೊಂತೇನಿ. ಆದ್ರ ನೋಡಿ ಹೇಳ್ರಿ."

ನೋಡಲು ವಿಡಿಯೊ ಕೂಡಿಸಿದೆ. ನನ್ನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಹಿಡಿಯುತ್ತದೆ. ಮದುವೆಗೆ ಅದು ಸಾಕು, ತಾಳಿ ಕಟ್ಟುವವರು ಅಷ್ಟು ಜೋರಾಗಿ ಓಡುವುದಿಲ್ಲ. ಶಿಗ್ಗಾವಿಯ ಗೆಳೆಯನ ಫೋನಿನದು ಮೂವತ್ತು, ಅದೂ ಉದ್ದಕ್ಕೆ ನಿಂತ ಚೌಕಟ್ಟು. ಸವಣೂರಿನ ದರ್ಜಿ ಇಮಾಮಸಾಬನದು ಅರವತ್ತು. ಅವನು ಹಿಡಿದದ್ದು ಹೋರಿಯನ್ನಲ್ಲ, ಅದರ ಬೆನ್ನಿಗೆ ತಾನು ಹೊಲಿದುಕೊಟ್ಟ, ಅಂಚಿಗೆ ಝಾಲರಿ ಇಟ್ಟ ಜೂಲವನ್ನು. "ಝಾಲರಿ ಹೆಂಗ ಹಾರತೈತಿ ನೋಡಬೇಕಿತ್ರಿ. ಹೋರಿನ್ನ ಎಲ್ಲಾರೂ ನೋಡ್ತಾರ."

ಮೂರನ್ನೂ, ಅವುಗಳಲ್ಲಿ ಕೇಳುವ ಪಟಾಕಿಯ ಒಂದೇ ಸದ್ದು ಹಿಡಿದು ಕಂಪ್ಯೂಟರಿನಲ್ಲಿ ಜೋಡಿಸಿದೆ, ನನ್ನ ಇಪ್ಪತ್ತೈದರ ಅಳತೆಗೆ. ನನ್ನದರಲ್ಲಿ ಆಕಾಶ, ಉಳಿದೆರಡರಲ್ಲೂ ಕೊಂಬು, ಅಂಗಿ ಕಲಸಿ ಒಂದೇ ಮಸುಕು. ಚಲನಚಿತ್ರ ಅನ್ನುತ್ತೇವೆ, ಆದರೆ ಅಲ್ಲಿ ಚಲಿಸುವುದು ಏನೂ ಇಲ್ಲ. ನಿಂತ ಚಿತ್ರಗಳ ಸಾಲು. ನಡುವಿನದನ್ನು ತುಂಬಿಕೊಳ್ಳುವುದು ನಮ್ಮ ಕಣ್ಣು. ಹೆದರಿದ ಕಣ್ಣು ತುಸು ಧಾರಾಳವಾಗಿಯೇ ತುಂಬಿಕೊಳ್ಳುತ್ತದೆ.

ತಟ್ಟನೆ ಹೊಳೆಯಿತು. ಅರವತ್ತನ್ನು ಇಪ್ಪತ್ತೈದಕ್ಕೆ ಇಳಿಸುವಾಗ ಕಂಪ್ಯೂಟರು ಇಮಾಮಸಾಬನ ಅರ್ಧಕ್ಕಿಂತ ಹೆಚ್ಚು ಚಿತ್ರಗಳನ್ನು ನನ್ನನ್ನು ಕೇಳದೆ ಕೈಬಿಟ್ಟಿತ್ತು! ಕುರ್ಚಿಯಿಂದ ಎದ್ದೇಬಿಟ್ಟೆ. ಅವನ ಮೂಲ ವಿಡಿಯೊ ತೆರೆದು ಒಂದೊಂದೇ ಚಿತ್ರ ಸರಿಸಿದೆ. ಹಾರುವ ಝಾಲರಿ. ಅದರ ಮುಂದೆ ಕೊಂಬು. ಕೊಂಬಿಗೂ ನನ್ನ ಅಂಗಿಗೂ ನಡುವೆ ಗೇಣಗಲ ಬಿಸಿಲು! ಮುಂದಿನ ಚಿತ್ರದಲ್ಲಿ ಗುಡುಗು ಕತ್ತನ್ನು ಆಚೆಗೆ ತಿರುವಿತ್ತು. "ಮುಟ್ಟಿಲ್ಲ! ಮುಟ್ಟೇ ಇಲ್ಲ!" ಎಂದು ಖಾಲಿ ಅಂಗಡಿಯಲ್ಲಿ ಕೂಗಿದೆ.

ಖಾತರಿಗೆಂದು ಹಿಂದಕ್ಕೂ ಸರಿಸಿದೆ. ಸರಿಸಬಾರದಿತ್ತು. ಹೋರಿ ಇನ್ನೂ ದೂರವಿರುವಾಗಲೇ ನನ್ನ ಮೊಣಕಾಲು ಮಡಚಿದ್ದವು. ನಾನು ಬಿದ್ದದ್ದು ನನ್ನ ಸ್ವಂತ ಕಾಲಿನಿಂದ. ಹೋರಿ ಮಾಡಿದ್ದು ಒಂದೇ, ದಾರಿಯಲ್ಲಿ ಕುಸಿಯುತ್ತಿದ್ದವನನ್ನು ತಪ್ಪಿಸಿದ್ದು.

ಹಿರಿಯರ ಮುಂದೆ ಅದನ್ನೆಲ್ಲ ನಿಧಾನವಾಗಿ ಓಡಿಸಿದೆ, ಮೊಣಕಾಲು ಸಮೇತ. "ಹೋರಿಗಿಂತ ಮೊದ್ಲ ನೀವ ಬಿದ್ದೀರಲ್ರಿ!" ಎಂದು ಒಬ್ಬರು ಹೊಟ್ಟೆ ಹಿಡಿದು ನಕ್ಕರು. ಗುಡುಗನ್ನು ಓಡಲು ಬಿಡುವುದಿಲ್ಲವೆಂಬ ಮಾತು ಅಲ್ಲೇ ಹಿಂದಕ್ಕೆ ಹೋಯಿತು. ಗಂಗವ್ವ ಮಾತ್ರ ನಗಲಿಲ್ಲ. ಪರದೆಯ ಮೇಲೆ ಆ ಗೇಣಗಲ ಬಿಸಿಲನ್ನು ಬೆರಳಿನಿಂದ ಮುಟ್ಟಿ, "ನೋಡ್ರಿ, ಎಷ್ಟು ಸಣ್ಣ ಸಂದಿನ್ಯಾಗ ಹೊಳ್ಳೇತಿ ನನ್ನ ಮಗ" ಎಂದಳು. ಇಮಾಮಸಾಬನ ತಕರಾರು ಬೇರೆ: "ನೀವು ಅಡ್ಡ ಬಿದ್ದು ನನ್ನ ಝಾಲರಿ ಅರ್ಧಾ ಮುಚ್ಚಿಬಿಟ್ರಿ."

ಈಗ ಚಹಾಕ್ಕೆ ನಾನೇ ದುಡ್ಡು ಕೊಡುತ್ತೇನೆ. ಬರುವ ವರ್ಷ ಗುಡುಗು ಓಡುವಾಗ ಅದೇ ಅಂಚಿನಲ್ಲಿ ನಿಲ್ಲುವವನಿದ್ದೇನೆ, ಕ್ಯಾಮೆರಾವನ್ನು ಅರವತ್ತಕ್ಕೆ ಇಟ್ಟುಕೊಂಡು. ಕಣ್ಣಿನ ಬಗ್ಗೆ ಮಾತ್ರ ಭರವಸೆ ಕೊಡಲಾರೆ.