ಕಣ್ಣಿಲ್ಲದೆ ಹೊರಟ ಗುಡ್ಡಪ್ಪ

ಪಾಲಯ್ಯಣ್ಣ ಅದಿರಿನ ಲಾರಿಗಳ ಹಿಂದಿನ ಹಲಗೆಯ ಮೇಲೆ ಬರೆಯುತ್ತಿದ್ದದ್ದು ಒಂದೇ ಚಿತ್ರ. ಕೆಂಪು ಕಲ್ಲಿನ ಮೈ, ಕ್ವಾರಿಯಂತೆ ತೆರೆದ ಬಾಯಿ, ಮುಷ್ಟಿಯಲ್ಲಿ ಮುರಿದ ಸೇತುವೆ. ಹೊಸಪೇಟೆಯ ಡ್ರೈವರುಗಳು ಆ ರಾಕ್ಷಸನಿಗೆ ಗುಡ್ಡಪ್ಪ ಎಂದು ಹೆಸರಿಟ್ಟಿದ್ದರು.

ಗುಡ್ಡಪ್ಪ ನಮ್ಮ ಸೀಮೆಯವನಲ್ಲ. ಗಣಿಗಳು ಜೋರಾಗುವ ಮೊದಲು ಪಾಲಯ್ಯಣ್ಣ ಹಂಪಿಯ ಗೆಸ್ಟ್ ಹೌಸುಗಳಿಗೆ ಬೋರ್ಡು ಬರೆಯುತ್ತಿದ್ದ. ಅಲ್ಲಿ ಯಾರೋ ಪರದೇಶದವರು ಬಿಟ್ಟುಹೋದ ಇಂಗ್ಲಿಷ್ ಕಾಮಿಕ್ಸ್ ಅವನ ಕೈಸೇರಿತ್ತು; ಗುಡ್ಡಪ್ಪ ಅದರೊಳಗಿನವನು. ರಟ್ಟೂ ಇಲ್ಲ, ಕೊನೆಯ ಹಾಳೆಗಳೂ ಇಲ್ಲ. ಅದನ್ನು ಓದಿ ಹೇಳಲು ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ನನ್ನನ್ನೇ ಹಿಡಿದ.

"ಕೊನಿಗೆ ಯಾರು ಗೆಲ್ತಾರಲೇ ಮನೋಹರ?"

"ರಾಕ್ಷಸನೇ ಗೆಲ್ತಾನಣ್ಣಾ," ಎಂದು ಪಂಡಿತನಂತೆ ಹೇಳಿದ್ದೆ.

ಹೀರೋನನ್ನು ಯಾಕೆ ಬರೆಯುವುದಿಲ್ಲ ಎಂದು ಕೇಳಿದರೆ ನಗುತ್ತಿದ್ದ. "ಪ್ಯಾಂಟಿನ ಮ್ಯಾಲ ಚಡ್ಡಿ ಹಾಕ್ಕೊಂಡಾವನ್ನ ನೋಡಿ ಯಾವ ಡ್ರೈವರ್ ಬ್ರೇಕ್ ಒತ್ತತಾನ? ಹಿಂದ ಬರಾವ ಅಂಜ್ಬೇಕು. ಅಂಜಿದ್ರ ಬದುಕ್ತಾನ."

ಇದನ್ನು ಅವನು ಕಲಿತದ್ದು ತಮ್ಮ ಪಕೀರಪ್ಪನನ್ನು ಕಳೆದುಕೊಂಡು. ಸಂಡೂರು ರಸ್ತೆಯ ಧೂಳಿನಲ್ಲಿ, ಹಿಂದಿನ ದೀಪವಿಲ್ಲದೆ ನಿಂತಿದ್ದ ಲಾರಿಗೆ ಪಕೀರಪ್ಪ ಬೈಕ್ ಸಮೇತ ನುಗ್ಗಿದ್ದ. ಅಂದಿನಿಂದ ಪಾಲಯ್ಯಣ್ಣ ಗುಡ್ಡಪ್ಪನ ಕಣ್ಣುಗಳಿಗೆ ಬಣ್ಣ ಹಚ್ಚುವುದನ್ನು ಬಿಟ್ಟ. ಆ ಜಾಗದಲ್ಲಿ ಬೆಳಕು ಬಿದ್ದರೆ ಹೊಳೆಯುವ, ತಟ್ಟೆಯಗಲದ ಎರಡು ಕೆಂಪು ರಿಫ್ಲೆಕ್ಟರ್ ಅಂಟಿಸುತ್ತಿದ್ದ. ಅದೂ ಕಟ್ಟಕಡೆಗೆ: ಲಾರಿ ತೊಳೆದು, ಗಾಲಿಯಡಿ ನಿಂಬೆಹಣ್ಣಿಟ್ಟು, ಡ್ರೈವರ್ ಸೀಟಿನಲ್ಲಿ ಕೂತ ಮೇಲೆ. ಕಣ್ಣು ಬರುವವರೆಗೆ ಟ್ರಿಪ್ ಚೀಟಿ ಕೊಡಬೇಡ ಎಂದು ನನಗೆ ತಾಕೀತು ಮಾಡಿದ್ದ. ನಾನು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಚೀಟಿ ಹರಿದುಕೊಡುವ ಗುಮಾಸ್ತ; ಚೀಟಿಯಿಲ್ಲದೆ ಲಾರಿ ಹೊರಡುವಂತಿರಲಿಲ್ಲ. ಜಗತ್ತಿನಲ್ಲಿ ನನಗಿದ್ದ ಅಧಿಕಾರ ಅಷ್ಟೇ. ಅದನ್ನೂ ಒಂದು ದಿನ ಕೆಡಿಸಿದೆ.

ಎರಡು ಸಾವಿರದ ಏಳರ ಬೇಸಿಗೆ. ಪಾಲಯ್ಯಣ್ಣ ಗಮ್ ತರಲು ಹೋಗಿದ್ದ. ಡ್ರೈವರ್ ಓಬಳೇಶನ ಲಾರಿಯ ಮೇಲೆ ಗುಡ್ಡಪ್ಪ ಕಣ್ಣಿಲ್ಲದೆ ಒಣಗುತ್ತಿದ್ದ. ಆ ಲಾರಿಯ ಹಿಂದಿನ ದೀಪಗಳೂ ಒಡೆದಿದ್ದವು.

"ಮ್ಯಾನೇಜರ್ ಸಾಹೇಬ್ರ, ಗಣಿ ಮುಂದ ಲಾರಿ ಸಾಲು ಬೆಳಿಯಾಕತ್ತೈತ್ರಿ," ಎಂದ ಓಬಳೇಶ. "ಚೀಟಿ ಕೊಡ್ರಿ. ಕಣ್ಣು ನಾಳಿ ಹಚ್ಚಿಸ್ಕೊಂತೀನಿ."

ಮ್ಯಾನೇಜರ್ ಎಂದು ನನ್ನನ್ನು ಕರೆದವನು ಅವನೊಬ್ಬನೇ. ಚೀಟಿ ಹರಿದುಕೊಟ್ಟೆ.

ಗಮ್ ಡಬ್ಬಿ ಹಿಡಿದು ಬಂದ ಪಾಲಯ್ಯಣ್ಣ ಖಾಲಿ ಜಾಗ ನೋಡಿದ. ಬೈಯುತ್ತಾನೆಂದು ಕಾದೆ. ಅವನು ರಿಫ್ಲೆಕ್ಟರುಗಳನ್ನು ಎದೆಗವಚಿಕೊಂಡು, "ಗಾಡಿ ತಗಿ," ಎಂದ.

ನನ್ನ ಮೊಪೆಡ್ ಏರಿ ಸಂಡೂರು ರಸ್ತೆಗೆ ಬಿದ್ದೆವು. ಸಂಜೆ ನಾಲ್ಕಕ್ಕೇ ಲಾರಿಗಳು ಹೆಡ್‌ಲೈಟ್ ಹಾಕಿದ್ದವು. ಧೂಳು ಎಷ್ಟಿತ್ತೆಂದರೆ ಮುಂದಿನ ಗಾಲಿಯೇ ನನಗೆ ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು. ಹಾರ್ನ್ ಬಂದಾಗಲೆಲ್ಲ ನಾನು ಮನೆದೇವರಿಗೆ ಒಂದೊಂದು ತೆಂಗಿನಕಾಯಿ ಹರಕೆ ಹೊತ್ತೆ. ಪಾಲಯ್ಯಣ್ಣ ಬೆನ್ನಹಿಂದೆ "ಜಲ್ದಿ, ಜಲ್ದಿ" ಎನ್ನುತ್ತಲೇ ಇದ್ದ.

ಏರಿನ ತಿರುವಿನಲ್ಲಿ ಇನ್ನೇನು ನಾವೇ ಗುಡ್ಡಪ್ಪನ ಬಾಯಿಗೆ ಬೀಳುತ್ತಿದ್ದೆವು. ಆಕ್ಸಲ್ ತುಂಡಾಗಿ ಲಾರಿ ನಡುರಸ್ತೆಯಲ್ಲೇ ನಿಂತಿತ್ತು. ಓಬಳೇಶ ಗಾಲಿಗೆ ಕಲ್ಲು ಕೊಡುತ್ತಿದ್ದ.

"ಅಣ್ಣಾ, ಹಿಂದ ಬರಾವ್ರಿಗೆ ಏನೂ ಕಾಣಂಗಿಲ್ಲ!" ಎಂದು ಅತ್ತುಬಿಟ್ಟ.

ಪಾಲಯ್ಯಣ್ಣ ಅಂಗಿ ಬಿಚ್ಚಿ ಹಲಗೆ ಒರೆಸಿದ, ಗಮ್ ಬಳಿದ, ಒತ್ತಿದ. ಧೂಳಿಗೆ ಹಿಡಿಯಲಿಲ್ಲ. ಕಣ್ಣು ಜಾರಿ ಬಿತ್ತು. ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ಬಿತ್ತು. ಅಷ್ಟರಲ್ಲಿ ಕೆಳಗಿನಿಂದ ಗೇರು ಬದಲಿಸುವ ಸದ್ದು ಕೇಳಿತು. ಪಾಲಯ್ಯಣ್ಣ ಎರಡೂ ರಿಫ್ಲೆಕ್ಟರ್ ಹಿಡಿದು, ಹಲಗೆಗೆ ಬೆನ್ನು ಕೊಟ್ಟು, ಗುಡ್ಡಪ್ಪನ ಕಣ್ಣಿರಬೇಕಾದ ಕಡೆಗೆ ಕೈಗಳನ್ನೆತ್ತಿ ನಿಂತುಬಿಟ್ಟ.

"ಅಣ್ಣಾ, ಈ ಕಡೆ ಬಾ!" ಎಂದು ಕೂಗಿದೆ. ಕೂಗಿದ್ದು ರಸ್ತೆ ಬದಿಯ ಗುಂಡಿಯಿಂದ. ಅಲ್ಲಿಗೆ ಯಾವಾಗ ಹಾರಿದೆನೋ ನನಗೇ ಗೊತ್ತಿಲ್ಲ.

ಹಳದಿ ಬೆಳಕು ಧೂಳನ್ನು ಸೀಳಿತು. ಎರಡು ಕೆಂಪು ಕಣ್ಣು ಭಗ್ಗೆಂದವು. ಬ್ರೇಕು ಕಿರುಚಿತು.

ಗುಂಡಿಯಿಂದ ತಲೆ ಎತ್ತಿದಾಗ ಬಂಪರಿಗೂ ಪಾಲಯ್ಯಣ್ಣನ ಮೊಣಕಾಲಿಗೂ ನಡುವೆ ಒಂದು ಗೇಣಿತ್ತು. ಆ ಲಾರಿಯ ಡ್ರೈವರ್ ಇಳಿದವನೇ ರಸ್ತೆಯಲ್ಲೇ ಕುಸಿದು ಕೂತ. "ಯಪ್ಪಾ... ಏನದು? ಏನದು?" ಎಂದಷ್ಟೇ ಅಂದ.

ಪಾಲಯ್ಯಣ್ಣನ ಕೈಗಳು ಕೆಳಗಿಳಿಯಲೇ ಇಲ್ಲ. ಓಬಳೇಶ ಮತ್ತು ನಾನು ಹಿಡಿದು ಇಳಿಸಬೇಕಾಯಿತು.

"ಆ ಕಾಮಿಕ್ಸಿನ್ಯಾಗ ರಾಕ್ಷಸ ಗೆದ್ದ ಅಂದಿದ್ದಿಯಲ್ಲ ಮನೋಹರ. ಖರೇನೇನು?" ಎಂದ ಪಾಲಯ್ಯಣ್ಣ.

"ಕೊನೀ ಹಾಳಿ ಇರ್ಲಿಲ್ಲಣ್ಣ. ಸುಳ್ಳು ಹೇಳಿದ್ದೆ."

ಅವನು ಕೆಳಗಿನ ರಸ್ತೆಯತ್ತ ತಿರುಗಿದ. ಕೆಳಗೆ ಇನ್ನೊಂದು ಲಾರಿ ಏರು ಹತ್ತುತ್ತಿತ್ತು. "ಒಂದು ನೀ ಹಿಡಿ," ಎಂದು ರಿಫ್ಲೆಕ್ಟರ್ ಕೊಟ್ಟ.

ಈಗಷ್ಟೇ ಬ್ರೇಕ್ ಹಾಕಿ ನಿಂತಿದ್ದ ಲಾರಿಯ ಬೆನ್ನಿಗೆ ಹೋಗಿ ನಿಂತೆವು. ಗುಂಡಿ ಎಷ್ಟು ದೂರವಿದೆ ಎಂದು ಒಮ್ಮೆ ನೋಡಿಕೊಂಡೆ. ಬೆಳಕು ಹತ್ತಿರವಾಗುತ್ತಿತ್ತು.

"ಮ್ಯಾಲೆತ್ತಲೇ," ಎಂದು ಪಾಲಯ್ಯಣ್ಣ ಗದರಿದ. "ಗುಡ್ಡಪ್ಪಗ ಮೆಳ್ಳಗಣ್ಣಾತು."

ಎತ್ತಿದೆ.