ಫೀಸು ಕಟ್ಟಿದವನು ಮಾವನಲ್ಲ

ನಿಂಗಪ್ಪ, ಕಾಲೇಜಿನ ಆ ಫೀಸು ಕಟ್ಟಿದವನು ನನ್ನ ಸೋದರಮಾವನಲ್ಲ — ನಾನು. ಯಾದಗಿರಿಯಲ್ಲಿ ಸಾಲಿನಲ್ಲಿ ನಿಂತು, ನನ್ನ ಕೈಯಿಂದಲೇ ಕಟ್ಟಿ ಬಂದೆ. ಮಾವನಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ.

ಕಾಲುವೆಗೆ ನೀರು ಬಂದ ಹೊಸದು. ದೇವಾಪುರದಿಂದ ನಾವಿಬ್ಬರೂ ಭೀಮರಾಯನಗುಡಿಯ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿದ್ದೆವು. ಕಾಲುವೆ ಗೇಟಿನ ತುಕ್ಕು ಕೆರೆಯುವುದು, ಗ್ರೀಸು ಹಚ್ಚುವುದು — ಸ್ಟೈಪೆಂಡು ಚಹಾಕ್ಕೂ ಸಾಲದು, ಗತ್ತು ಮಾತ್ರ ಇಂಜಿನಿಯರರದು! ಆಮೇಲೆ ಕೆಲವು ತಿಂಗಳು ಓದಿನ ತರಬೇತಿಗೆಂದು ಯಾದಗಿರಿಯ ಕಾಲೇಜಿಗೆ ಕಳಿಸಿದರು. ಅಲ್ಲಿ ನಾವೂ ವಿದ್ಯಾರ್ಥಿಗಳಂತೆ ಫೀಸು ಕಟ್ಟಬೇಕೆಂದರು. ಅದರಲ್ಲಿ ಆಟದ ಫೀಸೂ ಇತ್ತು. ಆಟದ ಬಯಲಿನ ಮುಖವನ್ನೇ ನಾವು ನೋಡಿದವರಲ್ಲ.

ನೀನು ಕಟ್ಟಲು ಹೊರಟಿದ್ದೆ. ತಡೆದವನು ನಾನು.

"ನಾವು ದುಡಿಯೋ ಮಂದಿ ಲೇ. ಅವರಽ ಕಲಿಯಾಕ ಕಳಿಸಿ ಅವರಽ ರೊಕ್ಕ ಕೇಳಿದ್ರ ಯಾವ ನ್ಯಾಯ? ಕಟ್ಟಬ್ಯಾಡ."

ಉಳಿದವರೆಲ್ಲ ಕಟ್ಟಿದರು. ನಿನ್ನನ್ನು ತಿಂಥಣಿಯ ಗುಡಿಗೆ ಕರೆದೊಯ್ದು, ಮೌನೇಶ್ವರನ ಮುಂದೆ ನಟ್ಟು ಬಿಗಿಯುವ ಪಾನಾ ಇಟ್ಟು, ಅದರ ಮೇಲೆ ಇಬ್ಬರೂ ಕೈಯಿಟ್ಟು ಫೀಸು ಕಟ್ಟುವುದಿಲ್ಲವೆಂದು ಆಣೆ ಮಾಡುವಂತೆ ಮಾಡಿದೆ. ನನ್ನ ಮಾತು ತಪ್ಪಲ್ಲ — ಅದು ನ್ಯಾಯವೆಂದು ಈಗಲೂ ನಂಬಿದ್ದೇನೆ. ಅದಕ್ಕೇ ಹೆಚ್ಚು ಉರಿಯುತ್ತದೆ. ಫೀಸು ಕಟ್ಟದವರನ್ನು ಪರೀಕ್ಷೆಗೆ ಕೂಡಿಸುವುದಿಲ್ಲ ಎಂಬ ಸುದ್ದಿ ಬಂದದ್ದೇ ತಡ, ನಾನು ಹೆದರಿದೆ. ನಿನಗೆ ಹೇಳದೆ ಹೋಗಿ ಕಟ್ಟಿದೆ.

ಪರೀಕ್ಷೆಯ ದಿನ ನೀನು ಬಾಗಿಲ ಹೊರಗೆ ನಿಂತು ನನ್ನ ದಾರಿ ಕಾದೆ. ನಾನು ಮೊದಲೇ ಒಳಗೆ ಹೋಗಿ ಕೂತಿದ್ದೆ. ಹೊರಗೆ ಬಂದಾಗ ನೀನು ಬೈಯಲಿಲ್ಲ. "ಏನಾತೋ?" ಎಂದೆ, ಅಷ್ಟೇ. ಆಗಲೇ ಹೇಳಬಹುದಿತ್ತು — ಆಗಲೇ...

"ಮಾವ ನನಗ ಹೇಳದಽ ಕಟ್ಟಿಬಿಟ್ಟಾನ," ಎಂದೆ.

ನೀನು ನಂಬಿದೆ. ಸಿಟ್ಟಿನಲ್ಲಿ ಊರಿಗೆ ಬಂದು ಮಾವನ ಅಂಗಳದಲ್ಲೇ ನಿಂತು, ನನ್ನೆದುರೇ ಕೇಳಿದೆ: "ಕಾಕಾ, ನಮ್ಮಿಬ್ಬರ ಆಣಿ ಯಾಕ ಮುರದ್ರಿ?"

ಮಾವ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಹೌದಪಾ, ನಂದಽ ತಪ್ಪಾತು," ಎಂದುಬಿಟ್ಟ.

ಆಮೇಲೆ ಅವನು ಆ ವಿಷಯ ಎತ್ತಲೇ ಇಲ್ಲ. ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಖಾಯಂ ನೌಕರನಾದೆ, ನೀನು ಅದೇ ಕಾಲುವೆಯ ಮೇಲೆ ದಿನಗೂಲಿಗೆ ಉಳಿದೆ. ಮಾವನ ಮನೆಯ ನೀರನ್ನು ನೀನು ಮತ್ತೆ ಮುಟ್ಟಲಿಲ್ಲ. ಅವನು ತೀರಿಕೊಂಡಾಗ ಊರೆಲ್ಲ ಮಣ್ಣಿಗೆ ಬಂತು. ಹಗೆಯವರೂ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗುವುದು ನಮ್ಮಲ್ಲಿ ನಡೆದುಬಂದದ್ದು. ನೀನು ಬರಲಿಲ್ಲ. ನನಗೆ — ಹೇಗೆ ಹೇಳಲಿ — ಸಮಾಧಾನವೇ ಆಯಿತು. ಹೂಳುವ ಕುಣಿಯ ಬಳಿ ನಿನ್ನ ಮುಖ ನೋಡುವುದು ತಪ್ಪಿತಲ್ಲ ಎಂದು.

ಮೊನ್ನೆ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ನೀನು ನನ್ನ ಕೈ ಹಿಡಿದುಕೊಂಡೆ. ಮೊಮ್ಮಗಳು ಅಪ್ರೆಂಟಿಸ್ ಆಗಿದ್ದಾಳೆ, ಕಾಲೇಜಿನವರು ಅವಳಿಗೂ ಫೀಸು ಕೇಳಿದ್ದಾರೆ ಎಂದೆ.

"ಆಕಿ ಬ್ಯಾಡಂದ್ಲು. ನಾನಽ ಕೇಳದಽ ಕಟ್ಟಿ ಬಂದೀನಿ. ಹುಡುಗಿ ಹೊರಗ ನಿಲ್ಲಬಾರದು ನೋಡು. ನಿಮ್ಮ ಮಾವಗೂ ಹಿಂಗಽ ಅನಿಸಿರಬೇಕು. ನಾ ಅವನ ಮಣ್ಣಿಗಿ ಬರಲಿಲ್ಲ... ಮಾಫ್ ಮಾಡೋ."

"ಇರ್ಲಿ ಬಿಡು," ಎಂದೆ. ನಿನಗೆ ಮಾಫಿ ಕೊಟ್ಟೆ, ನಿಂಗಪ್ಪ — ನಾನು!

ಅಮಾವಾಸ್ಯೆಗೆ ಮಾವನ ಸಮಾಧಿಗೆ ಕಾಯಿ ಒಡೆಯಲು ಬರುತ್ತೇನೆಂದಿದ್ದೀಯ. ಬಾ. ಕಾಯಿ ಒಡೆಯುವ ಮೊದಲು, ಅವನೆದುರೇ, ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನನ್ನ ಮನೆಯ ನೀರು ಮುಟ್ಟಬೇಡ. ನಾಳೆ ನನ್ನ ಮಣ್ಣಿಗೂ ಬರಬೇಡ. ಅವನಿಗೆ ಮಾತ್ರ ಅಂದು ಹಾಕದ ಆ ಒಂದು ಹಿಡಿ ಮಣ್ಣು ಹಾಕಿ ಹೋಗು.